ಇಕ್ಸೋರಾ ಚಿಗುರು ಹಳದಿ, ಪಾಮ್ ಗರಿ ಕಂದು: ಕುಂಡದ ಗಿಡಕ್ಕೆ ಏನು ಕೊರತೆ ಎಂದು ಪತ್ತೆಹಚ್ಚುವ ಬಗೆ

ಮೈಸೂರಿನ ನಮ್ಮ ಮನೆ ಮುಂದೆ ಕೆಂಪು ಹೂವಿನ ಇಕ್ಸೋರಾ ಇದೆ. ಎರಡು ಬೇಸಿಗೆ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಅದರ ಚಿಗುರೆಲ್ಲ ಹಳದಿಗೆ ತಿರುಗಿತು. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿದೆ. ನಡುನರ, ಅದರಿಂದ ಕವಲೊಡೆದ ಸಣ್ಣ ನರಗಳು ಹಸಿರು ದಾರದಲ್ಲಿ ಕಸೂತಿ ಹಾಕಿದ ಹಾಗೆ ಎದ್ದು ಕಾಣುತ್ತಿದ್ದವು. ನರಗಳ ನಡುವಿನ ಜಾಗವೆಲ್ಲ ನಿಂಬೆಹಣ್ಣಿನ ಬಣ್ಣ. ಗಿಡಕ್ಕೆ ಶಕ್ತಿ ಸಾಲದೇನೋ ಎಂದುಕೊಂಡು ಒಂದು ಹಿಡಿ ಡಿಎಪಿ (ಸಾರಜನಕ, ರಂಜಕದ ಗೊಬ್ಬರ) ಹಾಕಿದೆ. ಮಂಡ್ಯದಿಂದ ಬಂದ ಅಕ್ಕ, "ಬೂದಿ ಹಾಕ್ ಕಣೆ, ಹೂ ಚೆನ್ನಾಗ್ ಬುಡ್ತದೆ" ಅಂದಳು. ಅದನ್ನೂ ಹಾಕಿದೆ. ಹಳದಿ ಎಲೆ ಬಿಳಿಚಿಕೊಂಡಿತು, ಅಂಚು ಕಂದಿತು.

ಆ ಬೇಸಿಗೆ ಕಾವೇರಿ ನೀರು ಸರಿಯಾಗಿ ಬರದೆ ಎರಡು ತಿಂಗಳು ಟ್ಯಾಂಕರಿನ ಬೋರ್ ನೀರನ್ನೇ ಗಿಡಗಳಿಗೆ ಹಾಕಿದ್ದೆ. ಕಾರಣ ಅಲ್ಲಿತ್ತು. ನಾನು ಗೊಬ್ಬರದಲ್ಲಿ ಹುಡುಕುತ್ತಿದ್ದೆ. ಆಮೇಲೆ ನೆಂಟರ, ಅಕ್ಕಪಕ್ಕದವರ ಎಷ್ಟೋ ಕುಂಡಗಳನ್ನು ನೋಡಿದ್ದೇನೆ. ನಮ್ಮ ಕಡೆ ಕಾಣುವ ಕೊರತೆಗಳಲ್ಲಿ ಬಹುಪಾಲು, ಮಣ್ಣಲ್ಲಿ ಇದ್ದದ್ದೇ ಬೇರಿಗೆ ಸಿಗದೆ ಬಂದವು. ಹಾಗಾಗಿ ಈ ಬರಹದಲ್ಲಿ ಗೊಬ್ಬರದ ಚೀಲ ಕೊನೆಗೆ ಬರುತ್ತದೆ.

ಮೊದಲು, ಒಂದು ಪೈಸೆ ಖರ್ಚಿಲ್ಲದ ತಪಾಸಣೆ

ಮಣ್ಣಿಗೆ ಎರಡು ಗೆಣ್ಣಿನ ಆಳಕ್ಕೆ ಬೆರಳು ಇಳಿಸಿ. ಮೇಲೆ ಒಣಗಿ ಒಳಗೆ ಕೆಸರಾಗಿದ್ದರೆ ಅದು ನೀರು ಹೆಚ್ಚಾದ ತೊಂದರೆ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿಯಾಡದೆ ಯಾವ ಪೋಷಕಾಂಶವೂ ಮೇಲೇರುವುದಿಲ್ಲ, ಎಲೆ ಮಾತ್ರ ಹಸಿದ ಗಿಡದ ಹಾಗೆಯೇ ಹಳದಿಯಾಗುತ್ತದೆ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರ ನೀರು ಚೆಲ್ಲಿ. ತಳದ ತೂತು ಕಟ್ಟಿಕೊಂಡಿದೆಯೇ ಎಂದು ಕಡ್ಡಿ ಹಾಕಿ ನೋಡಿ.

ಅನುಮಾನ ಹೋಗದಿದ್ದರೆ ಕುಂಡ ವಾರೆ ಮಾಡಿ, ಗಿಡವನ್ನು ಮಣ್ಣಿನ ಉಂಡೆ ಸಮೇತ ಹೊರಗೆ ಎಳೆಯಿರಿ. ಒಳ್ಳೆ ಬೇರು ಬಿಳಿ ಅಥವಾ ಕೆನೆ ಬಣ್ಣದ್ದು, ಗಟ್ಟಿ. ಕೊಳೆತ ಬೇರು ಕಪ್ಪಾಗಿರುತ್ತದೆ, ಹಿಡಿದು ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುತ್ತದೆ, ಚರಂಡಿ ವಾಸನೆ ಬರುತ್ತದೆ. ಬೇರಿನಲ್ಲಿ ರಾಗಿ ಕಾಳಿನಷ್ಟು, ಬಟಾಣಿಯಷ್ಟು ಗಂಟುಗಳಿದ್ದರೆ ಅದು ಮಣ್ಣಿನ ಜಂತುಹುಳುವಿನ (ನೆಮಟೋಡ್) ಕೆಲಸ. ಇವೆರಡರಲ್ಲಿ ಯಾವುದು ಕಂಡರೂ ಗೊಬ್ಬರದ ಮಾತು ಅಲ್ಲಿಗೇ ನಿಲ್ಲಬೇಕು.

ಎಲೆಯ ಅಡಿಭಾಗ ನೋಡುವುದನ್ನು ಮರೆಯಬೇಡಿ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟಿ. ಹಾಳೆ ಮೇಲೆ ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ. ಬೇಸಿಗೆಯಲ್ಲಿ ಕ್ರೋಟನ್, ದಾಸವಾಳದ ಎಲೆಗೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ ಬರುವುದು ಇದರಿಂದ. ದಾಸವಾಳದ ಕುಡಿಯಲ್ಲಿ ಹತ್ತಿಯಂತೆ ಅಂಟಿರುವುದು ಹಿಟ್ಟು ತಿಗಣೆ.

ಕೀಟ ಕಾಣದಿದ್ದರೂ ಒಂದು ಗುರುತು ಇದೆ. ಪೋಷಕಾಂಶದ ಕೊರತೆ ಸಮನಾಗಿ ಬರುತ್ತದೆ: ನಡುನರದ ಎಡಕ್ಕೆ ಹೇಗೋ ಬಲಕ್ಕೂ ಹಾಗೆ, ಒಂದೇ ವಯಸ್ಸಿನ ಎಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಒಂದೇ ಕೊಂಬೆಯಲ್ಲಿ, ಎಲೆಯ ಒಂದೇ ಮಗ್ಗುಲಲ್ಲಿ, ಎಲ್ಲೆಂದರಲ್ಲಿ ತೇಪೆ ಹಾಕಿದಂತಿದ್ದರೆ ರೋಗವನ್ನೋ ಬಿಸಿಲ ಪೆಟ್ಟನ್ನೋ ಅನುಮಾನಿಸಿ.

ಹಳದಿ ಶುರುವಾದದ್ದು ಬುಡದಲ್ಲೋ, ತುದಿಯಲ್ಲೋ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಈ ನಾಲ್ಕನ್ನು ಗಿಡ ತನ್ನೊಳಗೇ ಸಾಗಿಸಬಲ್ಲದು. ಕೊರತೆ ಬಿದ್ದಾಗ ಹಳೆ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಅದಕ್ಕೇ ಬುಡದ ಎಲೆ ಮೊದಲು ಸೊರಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಒಂದು ಎಲೆ ಸೇರಿದರೆ ಅಲ್ಲೇ ಉಳಿಯುತ್ತವೆ. ಇವುಗಳಲ್ಲಿ ಯಾವುದು ಕಡಿಮೆಯಾದರೂ ಹಳೆ ಎಲೆ ಹಸಿರಾಗಿಯೇ ಇರುತ್ತದೆ, ತೊಂದರೆ ಚಿಗುರಿಗೆ. ಸತುವಿನ ಕೊರತೆಯೂ ಮುಖ್ಯವಾಗಿ ಎಳೆ ಎಲೆಯಲ್ಲೇ ಕಾಣುತ್ತದೆ.

ಬುಡದಲ್ಲಿ ತಿಂಗಳಿಗೆ ಒಂದೆರಡು ಎಲೆ ಹಣ್ಣಾಗಿ ಉದುರಿದರೆ ಅದು ವಯಸ್ಸು. ಅದಕ್ಕೆ ಮದ್ದು ಬೇಡ.

ಚಿಗುರೆಲೆ ಹಳದಿ, ನರ ಮಾತ್ರ ಹಸಿರು

ಇಕ್ಸೋರಾ, ಗಂಧರಾಜ, ದಾಸವಾಳ ಮೂರರಲ್ಲೂ ನಮ್ಮ ಊರಿನಲ್ಲಿ ಅತಿ ಹೆಚ್ಚು ಕಾಣುವ ಲಕ್ಷಣ ಇದು. ಕಬ್ಬಿಣದ ಕೊರತೆ. ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ನಮ್ಮ ಕೆಮ್ಮಣ್ಣಿಗೆ ಆ ಕೆಂಪು ಬಂದದ್ದೇ ಕಬ್ಬಿಣದಿಂದ. ಅಷ್ಟು ಕಬ್ಬಿಣದ ನಡುವೆ ಬೇರು ಬಿಟ್ಟ ಗಿಡಕ್ಕೆ ಕಬ್ಬಿಣ ಸಾಲದೆ ಹೋಗುವುದು ಹೇಗೆ?

ಮಣ್ಣಿನ ರಸಸಾರ (ಪಿಎಚ್, ಹುಳಿ-ಕ್ಷಾರದ ಅಳತೆ) 7 ದಾಟಿ ಕ್ಷಾರದ ಕಡೆ ಹೋದರೆ ಕಬ್ಬಿಣ ನೀರಿನಲ್ಲಿ ಕರಗುವ ರೂಪ ಕಳೆದುಕೊಳ್ಳುತ್ತದೆ. ಬೇರಿನ ಪಕ್ಕದಲ್ಲೇ ಇದ್ದರೂ ಒಳಗೆ ಹೋಗುವುದಿಲ್ಲ. ಇಕ್ಸೋರಾಗೆ ಹುಳಿ ಮಣ್ಣು ಬೇಕು, 5ರಿಂದ 6ರ ಆಸುಪಾಸು. ಬೋರ್ ನೀರಿನಲ್ಲಿ ಕರಗಿದ ಬೈಕಾರ್ಬನೇಟ್ ದಿನಾ ಸ್ವಲ್ಪ ಸ್ವಲ್ಪವಾಗಿ ಆ ಹುಳಿಯನ್ನು ಕೊಲ್ಲುತ್ತದೆ. ನೆಲದಲ್ಲಿರುವ ಗಿಡಕ್ಕೆ ಮಳೆ ಬಂದು ತೊಳೆಯುತ್ತದೆ. ಹತ್ತು ಅಂಗುಲದ ಕುಂಡದಲ್ಲಿರುವ ಹಿಡಿ ಮಣ್ಣು ಎಷ್ಟು ದಿನ ತಡೆದೀತು?

ನಿಮ್ಮ ನೀರು ಹೇಗಿದೆ ಎಂದು ಅಡುಗೆಮನೆಯೇ ಹೇಳುತ್ತದೆ. ತೊಗರಿಬೇಳೆ ಬೇಯಲು ಸತಾಯಿಸುತ್ತದೆಯೇ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಹಾಗಿದ್ದರೆ ಗಡಸು ನೀರು. ಕುಂಡದ ಅಂಚಿನಲ್ಲಿ ಬಿಳಿ ಹೊಪ್ಪಳೆ ಇದ್ದರೆ ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಸುಯ್ ಎಂದು ನೊರೆ ಬಂದರೆ ಅದು ಸುಣ್ಣ, ನೀರಿನಿಂದ ಬಂದದ್ದು. ನೊರೆ ಬರದೆ ಸುಮ್ಮನೆ ಕರಗಿದರೆ ಹೆಚ್ಚಾದ ರಾಸಾಯನಿಕ ಗೊಬ್ಬರದ ಲವಣ ಇರಬಹುದು.

ಇದೇ ಪರೀಕ್ಷೆಯನ್ನು ಒಣ ಮಣ್ಣಿಗೂ ಮಾಡಿ: ಒಂದು ಚಮಚ ಮಣ್ಣು, ಮೇಲೆ ವಿನೆಗರ್. ಸಾಮಾನ್ಯ ಕೆಮ್ಮಣ್ಣು ಸುಮ್ಮನಿರುತ್ತದೆ. ನೊರೆ ಎದ್ದರೆ ಸುಣ್ಣ ಸೇರಿದೆ ಎಂದೇ ಅರ್ಥ. ಹೊಸ ಮನೆಯ ಕಾಂಪೌಂಡ್ ಪಕ್ಕದ ಮಣ್ಣಿನಲ್ಲಿ ಸಿಮೆಂಟು, ಗಾರೆ, ಸುಣ್ಣದ ಚೂರು ಬೆರೆತಿರುವುದು ಮಾಮೂಲು. ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿ ಚೌಳಾದ ಜಾಗಗಳೂ ಇವೆ, ಅಂಥ ಗದ್ದೆಯ ಮಣ್ಣನ್ನು ಕುಂಡಕ್ಕೆ ತುಂಬಬೇಡಿ. ಇನ್ನೊಂದು ಮಾತು: ನೊರೆ ಬರಲಿಲ್ಲ ಎಂದ ಮಾತ್ರಕ್ಕೆ ಮಣ್ಣು ಹುಳಿಯಾಗಿದೆ ಎಂದಲ್ಲ. ಅದಕ್ಕೆ ರಸಸಾರ ಅಳೆಯಲೇಬೇಕು.

ಅಕ್ಕ ಹೇಳಿದ ಬೂದಿಯ ಮಾತಿಗೆ ಬರುತ್ತೇನೆ. ಅವಳು ಹೇಳಿದ್ದು ಅವಳ ಮಣ್ಣಿಗೆ ಸರಿ. ಅವಳ ಹಿತ್ತಲಿನ ದಾಸವಾಳ ನೆಲದಲ್ಲಿದೆ, ಮಳೆ ನೀರು ಕುಡಿಯುತ್ತದೆ, ಬೂದಿಯ ಪೊಟ್ಯಾಷ್ ಅದಕ್ಕೆ ಲಾಭವೇ. ಆದರೆ ಬೂದಿ ಅಪ್ಪಟ ಕ್ಷಾರ. ಒಲೆಯದಾಗಲಿ, ಆಲೆಮನೆಯದಾಗಲಿ, ಬೋರ್ ನೀರು ಕುಡಿಯುವ ಇಕ್ಸೋರಾ ಕುಂಡಕ್ಕೆ ಹಾಕಿದರೆ ಇದ್ದ ಕಬ್ಬಿಣದ ಬಾಗಿಲೂ ಮುಚ್ಚುತ್ತದೆ. ಮೊಟ್ಟೆ ಚಿಪ್ಪಿನ ಪುಡಿಯೂ ಸುಣ್ಣವೇ. ನಾನು ಹಾಕಿದ್ದ ಡಿಎಪಿಯೂ ಅಷ್ಟೇ ತೊಂದರೆ ಮಾಡಿತು, ರಂಜಕ ಮಿತಿಮೀರಿದರೆ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಕಬ್ಬಿಣವೇ ಹೌದೋ ಅಲ್ಲವೋ ಎಂದು ಖಚಿತ ಮಾಡಿಕೊಳ್ಳಲು ನನಗೆ ಬಹಳ ಹಿಡಿಸಿದ ಉಪಾಯ ಒಂದಿದೆ. ಗ್ರಂಥಿಗೆ ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ, ಗೊಬ್ಬರದ ಅಂಗಡಿಯಲ್ಲಿ ಅದನ್ನೇ ಫೆರಸ್ ಸಲ್ಫೇಟ್ ಎನ್ನುತ್ತಾರೆ. ತಿಳಿ ಹಸಿರು ಹರಳು. ಕಂದು ಪುಡಿಯಾಗಿದ್ದರೆ ಹಳತು, ಬೇಡ. ಒಂದು ಲೀಟರ್ ನೀರಿಗೆ 2 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ. ಒಂದೇ ಒಂದು ಕುಡಿಗೆ ದಾರ ಕಟ್ಟಿ ಗುರುತು ಮಾಡಿ, ಆ ಕುಡಿಯ ಹಳದಿ ಎಲೆಗಳ ಎರಡೂ ಬದಿಗೆ ಸಂಜೆ ಹೊತ್ತು ಬ್ರಷ್‌ನಿಂದ ಸವರಿ. ಮಿಕ್ಕ ಗಿಡ ಮುಟ್ಟಬೇಡಿ. ಎಂಟು ಹತ್ತು ದಿನದಲ್ಲಿ ಸವರಿದ ಕಡೆ ಹಸಿರು ಬಂದು ಪಕ್ಕದ ಕುಡಿ ಹಾಗೆಯೇ ಹಳದಿಯಾಗಿ ಉಳಿದರೆ ಗಿಡವೇ ಉತ್ತರ ಕೊಟ್ಟಂತೆ. ನಮ್ಮ ಗಿಡದಲ್ಲಿ ಬ್ರಷ್ ತಾಗಿದ ಜಾಗದಲ್ಲಿ ಹಸಿರು ಬೊಟ್ಟುಗಳು ಎದ್ದವು, ತಾಗದ ಅಂಚು ಹಳದಿಯಾಗಿಯೇ ಇತ್ತು. ಏನೂ ಬದಲಾಗದಿದ್ದರೆ ಮ್ಯಾಂಗನೀಸ್ ಕೊರತೆ ಇರಬಹುದು. ಕಣ್ಣಿಗೆ ಎರಡೂ ಬಹುತೇಕ ಒಂದೇ ಥರ ಕಾಣುತ್ತವೆ. ಆಗ ಲಘು ಪೋಷಕಾಂಶಗಳ (ಕಬ್ಬಿಣ, ಸತು, ಮ್ಯಾಂಗನೀಸ್ ಥರ ಗಿಡಕ್ಕೆ ತುಸುವೇ ಬೇಕಾದವು) ಮಿಶ್ರಣ ಸಿಂಪಡಿಸುವುದೇ ಸರಿ.

ಸಿಂಪಡಣೆಯಿಂದ ಬರುವ ಹಸಿರು ತಾತ್ಕಾಲಿಕ. ಮುಂದಿನ ಚಿಗುರು ಮತ್ತೆ ಹಳದಿಯಾಗಿಯೇ ಬರುತ್ತದೆ. ಮೂಲ ಸರಿ ಮಾಡಬೇಕೆಂದರೆ ಮೊದಲು ನೀರು: ಕಾವೇರಿ ಅಥವಾ ಕಬಿನಿ ನೀರು ಬರುವ ದಿನ ಎರಡು ಬಕೆಟ್ ಈ ಗಿಡಗಳಿಗೆಂದೇ ಎತ್ತಿಡಿ, ಮಳೆಗಾಲದಲ್ಲಿ ತಾರಸಿ ನೀರು ಹಿಡಿಯಿರಿ. ಆರ್‌ಒ ಯಂತ್ರ ಹೊರಹಾಕುವ ತ್ಯಾಜ್ಯ ನೀರನ್ನು ಗಿಡಕ್ಕೆ ಸುರಿಯುವ ಅಭ್ಯಾಸ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ಅದರಲ್ಲಿ ಲವಣ ಇನ್ನೂ ದಟ್ಟವಾಗಿರುತ್ತದೆ, ನೆಲ ತೊಳೆಯಲು ಬಳಸಿ. ಆಮೇಲೆ ಕುಂಡದ ಮೇಲಿನ ಎರಡು ಅಂಗುಲ ಮಣ್ಣು ತೆಗೆದು ಕೊಳೆತ ಎಲೆಗೊಬ್ಬರ ತುಂಬಿ. ಇಷ್ಟಾದ ಮೇಲೂ ಬೇಕಾದರೆ ಮಾತ್ರ ಕಬ್ಬಿಣದ ಚೀಲೇಟ್, ಅಂದರೆ ಬೇರಿಗೆ ಸಿಗುವ ಹಾಗೆ ಬೇರೊಂದು ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ. ಕೊಳ್ಳುವಾಗ ಪೊಟ್ಟಣದ ಮೇಲೆ ನೋಡಿ: ಇಡಿಟಿಎ ರೂಪದ್ದು ಕ್ಷಾರ ಮಣ್ಣಿನಲ್ಲಿ ಬೇಗ ಒಡೆಯುತ್ತದೆ, ಮಣ್ಣಿಗೆ ಹಾಕಿದರೆ ದುಡ್ಡು ದಂಡ. ಕ್ಷಾರ ಮಣ್ಣಿಗೆ ಇಡಿಡಿಎಚ್‌ಎ ರೂಪದ್ದೇ ಬೇಕು, ಬೆಲೆ ಜಾಸ್ತಿ, ಪುಡಿ ಗಾಢ ಕೆಂಗಂದು. ಪ್ರಮಾಣ ಪೊಟ್ಟಣದಲ್ಲಿ ಹೇಳಿದಷ್ಟೇ.

ಡಿಸೆಂಬರ್, ಜನವರಿಯಲ್ಲಿ ಮಾತ್ರ ಸ್ವಲ್ಪ ತಾಳ್ಮೆ ಇರಲಿ. ಮಣ್ಣು ತಣ್ಣಗಾದಾಗ ಬೇರಿನ ಕೆಲಸ ನಿಧಾನವಾಗಿ ಇದೇ ಹಳದಿ ಬರುತ್ತದೆ. ಶಿವರಾತ್ರಿಗೆ ಚಳಿ ಹೋದ ಮೇಲೆ ಎಷ್ಟೋ ಗಿಡ ತಾನಾಗಿ ಹಸಿರಾಗುತ್ತದೆ.

ಬುಡದ ಎಲೆ ಪೂರ್ತಿ ಹಳದಿ, ಗಿಡ ಬೆಳೆಯುತ್ತಿಲ್ಲ

ನರ ಸಮೇತ ಇಡೀ ಎಲೆ ಹಳದಿ, ಮೇಲಿನ ಎಲೆಗಳೂ ಮಾಸಲು ಹಸಿರು, ಹೊಸ ಎಲೆ ಚಿಕ್ಕದು. ಇದು ಸಾರಜನಕದ ಕೊರತೆ. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿಗೆ ಹೋದವರು ಗಿಡ ಕೊಳ್ಳದೆ ಬರುವುದು ಅಪರೂಪ. ತಂದಾಗ ಥಳಥಳ ಎನ್ನುವ ಗಿಡ ಸಂಕ್ರಾಂತಿ ಹೊತ್ತಿಗೆ ಸಪ್ಪೆಯಾಗುತ್ತದೆ. ನರ್ಸರಿಯಲ್ಲಿ ಅದನ್ನು ಕೊಕೊಪೀಟ್‌ನಲ್ಲಿ ನೆಟ್ಟು ವಾರವಾರ ಗೊಬ್ಬರದ ನೀರು ಕೊಟ್ಟಿರುತ್ತಾರೆ. ಕೊಕೊಪೀಟ್‌ಗೆ ಸ್ವಂತ ಸತ್ವ ಬಹಳ ಕಡಿಮೆ. ಸರಿಯಾಗಿ ಕಳಿಯದ ತೆಂಗಿನ ನಾರಿನ ಪುಡಿಯೋ ಮರದ ಹೊಟ್ಟೋ ಆಗಿದ್ದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೂ ತಿನ್ನುತ್ತವೆ.

ಇದರ ಪರಿಹಾರ ಸುಲಭ. ಎರೆಗೊಬ್ಬರ ಎರಡು ಹಿಡಿ, ಪುಡಿ ಮಾಡಿದ ಬೇವಿನ ಹಿಂಡಿ ಒಂದು ಚಮಚ. ಬೇಗ ಕಾಣಬೇಕೆಂದರೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಒಳ್ಳೆಯದೇ, ಚೆನ್ನಾಗಿ ತೆಳು ಮಾಡಿ ಕೊಡಬೇಕು. ಎರಡು ಮೂರು ವಾರದಲ್ಲಿ ಹೊಸ ಎಲೆ ದೊಡ್ಡದಾಗಿ ಬರದಿದ್ದರೆ ಮತ್ತೆ ಬೇರು ನೋಡಿ.

ಅರೆಕಾ ಪಾಮ್‌ನ ಹಳೆ ಗರಿ ಹಳದಿ, ಕಿತ್ತಳೆ, ಕಂದು

ಇಲ್ಲಿ ಎರಡು ಕೊರತೆ ಬೆರೆತು ಬರುತ್ತವೆ, ಬಿಡಿಸಿ ನೋಡಬೇಕು. ಹಳೆ ಗರಿಯನ್ನು ಬೆಳಕಿಗೆ ಹಿಡಿಯಿರಿ. ಗರಿಯ ತುದಿ ಕಡೆ ಎಣ್ಣೆ ಬಿದ್ದ ಕಾಗದದಂತೆ ಬೆಳಕು ತೂರುವ ಹಳದಿ, ಕಿತ್ತಳೆ ಚುಕ್ಕೆ, ತುದಿ ಒಣಗಿ ಸುರುಟಿದೆ ಎಂದರೆ ಪೊಟ್ಯಾಷ್. ಅಂಚಿನಲ್ಲಿ ಅಗಲವಾದ ಹಳದಿ ಪಟ್ಟಿ, ನಡುವೆ ಅಚ್ಚ ಹಸಿರು, ಎರಡರ ನಡುವಿನ ಗೆರೆ ಎದ್ದು ಕಾಣುತ್ತದೆ ಎಂದರೆ ಮೆಗ್ನೀಸಿಯಂ.

ಮೆಗ್ನೀಸಿಯಂಗೆ ಎಪ್ಸಮ್ ಸಾಲ್ಟ್, ಲೀಟರಿಗೆ 5 ಗ್ರಾಂ, ತಿಂಗಳಿಗೊಮ್ಮೆ ಬುಡಕ್ಕೆ. ಪೊಟ್ಯಾಷ್‌ಗೆ ಸಲ್ಫೇಟ್ ಆಫ್ ಪೊಟ್ಯಾಷ್. ಅಗ್ಗವೆಂದು ಮ್ಯೂರಿಯೇಟ್ ಆಫ್ ಪೊಟ್ಯಾಷ್ ತಂದರೆ ಅದರ ಕ್ಲೋರೈಡ್ ಕುಂಡದಲ್ಲೇ ಉಳಿಯುತ್ತದೆ. ಪೊಟ್ಯಾಷ್ ಒಂದನ್ನೇ ಜೋರಾಗಿ ಕೊಟ್ಟರೆ ಮೆಗ್ನೀಸಿಯಂ ಕೊರತೆ ಹೊಸದಾಗಿ ಹುಟ್ಟುತ್ತದೆ, ಎರಡನ್ನೂ ಸ್ವಲ್ಪ ಸ್ವಲ್ಪ ಕೊಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಚೆಂದ ಕಾಣಲಿ ಎಂದು ಈ ಗರಿಗಳನ್ನು ಕತ್ತರಿಸಬೇಡಿ. ಅರ್ಧ ಹಸಿರಿರುವ ಗರಿಯಿಂದ ಪಾಮ್ ಇನ್ನೂ ಪೊಟ್ಯಾಷ್ ತೆಗೆದುಕೊಳ್ಳುತ್ತಿರುತ್ತದೆ. ಅದನ್ನು ಕತ್ತರಿಸಿದರೆ ಮುಂದಿನ ಗರಿಗೆ ಕೈ ಹಾಕುತ್ತದೆ, ನೀವು ಅದನ್ನೂ ಕತ್ತರಿಸುತ್ತೀರಿ, ಕೊನೆಗೆ ತಲೆ ಮೇಲೆ ನಾಲ್ಕು ಗರಿ ಉಳಿಯುತ್ತದೆ. ಪೂರ್ತಿ ಒಣಗಿದ್ದನ್ನು ಮಾತ್ರ ತೆಗೆಯಿರಿ. ಕೆಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ. ಹೊಸ ಗರಿಗಳು ಬಂದು ಗಿಡ ತುಂಬಲು ಒಂದು ವರ್ಷಕ್ಕೂ ಹೆಚ್ಚು ಬೇಕು.

ಎಲೆ ತುದಿ, ಅಂಚು ಸುಟ್ಟ ಹಾಗಿದೆ

ಡ್ರಸೀನಾ, ಸ್ಪೈಡರ್ ಪ್ಲಾಂಟ್, ಪೀಸ್ ಲಿಲಿಯಲ್ಲಿ ತುದಿ ಕಂದಾದರೆ ಕೊರತೆಗಿಂತ ಹೆಚ್ಚಾದದ್ದನ್ನು ಹುಡುಕಿ. ಲವಣ ಕೂಡಿಕೊಂಡಿರುತ್ತದೆ, ಇಲ್ಲವೇ ಫ್ಲೋರೈಡ್. ಡ್ರಸೀನಾಗೆ ಫ್ಲೋರೈಡ್ ಆಗುವುದೇ ಇಲ್ಲ, ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಅದು ಇರುತ್ತದೆ. ಕುಂಡವನ್ನು ಬಚ್ಚಲಿಗೋ ಅಂಗಳಕ್ಕೋ ಒಯ್ದು, ಕುಂಡದ ಗಾತ್ರದ ಮೂರು ನಾಲ್ಕರಷ್ಟು ಒಳ್ಳೆ ನೀರನ್ನು ನಿಧಾನವಾಗಿ ಹಾಯಿಸಿ, ಪೂರ್ತಿ ಸೋರಲು ಬಿಡಿ. ಎರಡು ತಿಂಗಳು ಗೊಬ್ಬರ ನಿಲ್ಲಿಸಿ.

ಚಿಗುರು ಮುರುಟಿದೆ, ಎಲೆ ಚಿಕ್ಕದಾಗಿ ಗುಂಪುಗಟ್ಟಿದೆ

ನುಸಿ, ಥ್ರಿಪ್ಸ್ ಮಾಡುವ ಹಾನಿಯೂ ಹೀಗೇ ಕಾಣುವುದರಿಂದ ಬಿಳಿ ಹಾಳೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಹುಳು ಇಲ್ಲವೆಂದಾದರೆ, ಗೆಣ್ಣುಗಳ ನಡುವೆ ಅಂತರವೇ ಇಲ್ಲದೆ ಸಣ್ಣ ಎಲೆಗಳು ಗೊಂಚಲಾಗಿದ್ದರೆ ಸತುವಿನ ಕೊರತೆ. ಕುಡಿಯೇ ಸತ್ತಿದ್ದರೆ, ಎಲೆ ದಪ್ಪಗಾಗಿ ಮುರಿಯುವಂತಿದ್ದರೆ, ಪಾಮ್‌ನ ಹೊಸ ಗರಿ ಬಿಚ್ಚಿಕೊಳ್ಳದೆ ಮಡಿಕೆ ಮಡಿಕೆಯಾಗಿ ತುದಿ ಕೊಕ್ಕೆಯಂತೆ ಬಾಗಿದ್ದರೆ ಬೋರಾನ್ ಕೊರತೆ.

ಬೋರಾನ್ ವಿಷಯದಲ್ಲಿ ನಾನು ಯಾರಿಗೂ ಬಿಡಿ ಬೋರಾಕ್ಸ್ ಹಾಕಿ ಎಂದು ಹೇಳುವುದಿಲ್ಲ. ಗಿಡಕ್ಕೆ ಬೇಕಾದ ಪ್ರಮಾಣಕ್ಕೂ ಅದು ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ, ಮನೆಯ ತಕ್ಕಡಿಯಲ್ಲಿ ಅಷ್ಟು ಸಣ್ಣ ತೂಕ ಸಿಗುವುದಿಲ್ಲ. ಲಘು ಪೋಷಕಾಂಶಗಳ ಸಿದ್ಧ ಮಿಶ್ರಣವನ್ನು ಪೊಟ್ಟಣದಲ್ಲಿ ಬರೆದ ಪ್ರಮಾಣದ ಅರ್ಧಕ್ಕೆ ಕರಗಿಸಿ, ಎರಡು ಸಲ ಸಿಂಪಡಿಸಿ ಕಾಯಿರಿ.

ಗಿಡ ಸೊಂಪಾಗಿದೆ, ಹೂವಿಲ್ಲ

ಸಾರಜನಕ ಹೆಚ್ಚಾಗಿದೆ, ಇಲ್ಲವೇ ಬಿಸಿಲು ಸಾಲದು. ದಾಸವಾಳ, ಇಕ್ಸೋರಾ, ಮಲ್ಲಿಗೆ ಮೂರಕ್ಕೂ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಮೊದಲು ಕುಂಡ ಸರಿಸಿ ನೋಡಿ.

ಎಚ್ಚರ ತಪ್ಪಬಾರದ ಕಡೆ

ಅನ್ನಭೇದಿ, ಕಬ್ಬಿಣದ ಚೀಲೇಟ್ ಮಕ್ಕಳ ಹೊಟ್ಟೆಗೆ ಹೋದರೆ ಪ್ರಾಣಾಪಾಯ. ಎಪ್ಸಮ್ ಸಾಲ್ಟ್, ನಿಂಬೆ ಉಪ್ಪು ನೋಡಲು ಸಕ್ಕರೆ ಥರ. ಗೊಬ್ಬರ ಯಾವುದನ್ನೂ ಅಡುಗೆಮನೆಯಲ್ಲಿ, ಹಳೆ ಜ್ಯೂಸ್ ಬಾಟಲಿಯಲ್ಲಿ ಇಡಬೇಡಿ. ಹೆಸರು ಬರೆದು, ಬೀಗ ಹಾಕುವ ಕಡೆ ಇಡಿ. ಚಮಚ, ಬ್ರಷ್ ಬೇರೆಯೇ ಇರಲಿ. ಪುಡಿ ತೂಗುವಾಗ ಮೂಗು ಬಾಯಿಗೆ ಬಟ್ಟೆ, ಕೈಗೆ ಗ್ಲೌಸ್. ಅನ್ನಭೇದಿ ನೀರು ಬಿದ್ದರೆ ಟೈಲ್ಸ್ ಮೇಲೆ ತುಕ್ಕಿನ ಕಲೆ ಕೂರುತ್ತದೆ, ಕೆಳಗೆ ಹಳೆ ಪೇಪರ್ ಹಾಸಿ.

ಒಣ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ, ಬೇರು ಸುಡುತ್ತದೆ. ಹಿಂದಿನ ದಿನ ಬರೀ ನೀರು ಹಾಕಿರಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಸಿಂಪಡಣೆ ಬೇಡ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಎಪ್ಸಮ್ ಸಾಲ್ಟ್ ಬೆರೆಸಿದರೆ ತಳದಲ್ಲಿ ಗಸಿ ನಿಲ್ಲುತ್ತದೆ, ಎರಡೂ ವ್ಯರ್ಥ. ಡೈಫೆನ್‌ಬೇಕಿಯಾ ಎಲೆ ಕಿತ್ತ ಕೈಯನ್ನು ಬಾಯಿ, ಕಣ್ಣಿಗೆ ತಾಗಿಸಬೇಡಿ, ಅದರ ರಸ ನಾಲಿಗೆ ಊದಿಸುತ್ತದೆ.

ಎಲ್ಲಿ ನಿಲ್ಲಿಸಿ ಯಾರನ್ನು ಕೇಳಬೇಕು

ಸರಿಯಾದ ಪ್ರಮಾಣದಲ್ಲಿ ಎರಡು ಸಲ ಕೊಟ್ಟು ಆರು ವಾರ ಕಾದರೂ ಹೊಸ ಚಿಗುರಿನಲ್ಲಿ ಬದಲಾವಣೆ ಇಲ್ಲದಿದ್ದರೆ ಮೂರನೇ ಸಲ ಕೊಡಬೇಡಿ. ಪಾಮ್‌ನ ಸುಳಿ ಮೆಲ್ಲಗೆ ಎಳೆದರೂ ಕೈಗೆ ಬಂದು ಬುಡದಲ್ಲಿ ಕೊಳೆತ ವಾಸನೆ ಇದ್ದರೆ, ಬೇರಿನಲ್ಲಿ ಗಂಟಿದ್ದರೆ, ಎಲೆಯಲ್ಲಿ ಹಳದಿ ಹಸಿರು ತೇಪೆ ಬಿದ್ದು ವಕ್ರವಾಗಿದ್ದರೆ ಆ ಕುಂಡವನ್ನು ಬೇರೆ ಇಡಿ. ಅದರ ಮಣ್ಣು ಬೇರೆ ಗಿಡಕ್ಕೆ ಹೋಗಬಾರದು.

ಮೈಸೂರಿನವರು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ, ನಂಜನಗೂಡು ಕಡೆಯವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಮಂಡ್ಯದವರು ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಬರಿಗೈಲಿ ಹೋಗಬೇಡಿ. ಒಂದು ಹಳೆ ಎಲೆ, ಒಂದು ಚಿಗುರೆಲೆ ಕಾಗದದ ಕವರಿನಲ್ಲಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್‌ನಲ್ಲಿ ಬೆವೆತು ಕೊಳೆಯುತ್ತದೆ. ಅರ್ಧ ಕಿಲೋ ಮಣ್ಣು ಬೇಕಾಗುತ್ತದೆ. ಒಂದೇ ತೊಂದರೆ ಇರುವ ಮೂರು ನಾಲ್ಕು ಕುಂಡಗಳಿಂದ, ಮೇಲಿನ ಪದರ ಸರಿಸಿ ಬೇರಿನ ಮಟ್ಟದಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ. ತುಕ್ಕು ಹಿಡಿದ ಸಲಿಕೆಯಲ್ಲಿ ಅಗೆದರೆ ಕಬ್ಬಿಣದ ಲೆಕ್ಕ, ತಗಡಿನ ಡಬ್ಬಿಯಲ್ಲಿ ತುಂಬಿದರೆ ಸತುವಿನ ಲೆಕ್ಕ ತಪ್ಪುತ್ತದೆ; ಮರದ ಕಡ್ಡಿ, ಪ್ಲಾಸ್ಟಿಕ್ ಮಗ್ಗು ಸಾಕು. ಜೊತೆಗೆ ಗಿಡಕ್ಕೆ ದಿನಾ ಹಾಕುವ ನೀರು ಒಂದು ಲೀಟರ್, ಅದೇ ನೀರಿನಲ್ಲಿ ಮೂರು ಸಲ ತೊಳೆದ ಬಾಟಲಿಯಲ್ಲಿ. ಮಣ್ಣಿನ ಚೀಟಿ ಮೇಲೆ ಗಿಡದ ಹೆಸರು, ಕಳೆದ ಮೂರು ತಿಂಗಳಲ್ಲಿ ಹಾಕಿದ ಗೊಬ್ಬರ, ಬೂದಿ ಹಾಕಿದ್ದರೆ ಅದನ್ನೂ ಬರೆಯಿರಿ.